850 ರೂಪಾಯಿ ಕನ್ನಡ ಚಟುವಟಿಕೆ ಕಿಟ್ ತಗೋಬಹುದಾ? ಒಂದು ಟರ್ಮ್ ಬಳಸಿದ ಮೇಲೆ ನನ್ನ ಅನುಭವ

ಮೇ ಕೊನೇಲಿ ಕೋಲಾರಕ್ಕೆ ಹೋದಾಗ ಬಸ್ ಸ್ಟ್ಯಾಂಡ್ ಹತ್ರ ನಾನು ಯಾವಾಗ್ಲೂ ಚಾರ್ಟ್ ಪೇಪರ್ ತಗೊಳ್ಳೋ ಸ್ಟೇಷನರಿ ಅಂಗಡೀಲಿ ಈ ಪೆಟ್ಟಿಗೆ ನೋಡ್ದೆ. ಅಂಗಡಿ ಅಣ್ಣ ಅವರೇ ತೆಗೆದು ತೋರಿಸಿದ್ರು, "ಮೇಡಂ ಹೊಸದಾಗಿ ಬಂದಿದೆ, ಕನ್ನಡ ಟೀಚರ್‌ಗಳಿಗೇ ಮಾಡಿರೋದು" ಅಂತ. ಇಂಗ್ಲಿಷ್‌ಗೆ ಇಂಥವು ಸಾಲುಗಟ್ಟಲೆ ಸಿಗುತ್ತೆ, ಕನ್ನಡಕ್ಕೆ ಸಿಗೋದೇ ಕಮ್ಮಿ, ಅದಕ್ಕೆ 850 ಕೊಟ್ಟು ತಗೊಂಡೆ, ನನ್ನ ಕೈಯಿಂದ್ಲೇ. ಕಂಪನಿ ಹೆಸರು ಇಲ್ಲಿ ಹಾಕಲ್ಲ, ಯಾಕಂದ್ರೆ ತಪ್ಪುಗಳನ್ನೂ ಹೇಳೋದಿದೆ, ಮತ್ತೆ ಇದೇ ಥರದ ಪೆಟ್ಟಿಗೆ ಬೇರೆ ಬೇರೆ ಹೆಸರಲ್ಲೂ ಬರ್ತಿದೆ. ಯಾವುದನ್ನ ತಗೊಂಡ್ರೂ ಒಳಗಡೆ ಏನು ನೋಡ್ಬೇಕು ಅನ್ನೋದು ಗೊತ್ತಾಗ್ಲಿ ಅಂತ ಬರೀತಿದೀನಿ.

ನಂದು ಶ್ರೀನಿವಾಸಪುರ ತಾಲೂಕಿನ ಒಂದು ಹಳ್ಳಿ ಸರ್ಕಾರಿ ಶಾಲೆ. 4 ಮತ್ತು 5ನೇ ಕ್ಲಾಸ್ ಒಂದೇ ರೂಮಲ್ಲಿ, ಒಟ್ಟು 34 ಮಕ್ಕಳು, ಆಂಧ್ರ ಗಡಿ ಹತ್ರ ಆಗಿರೋದ್ರಿಂದ ಮುಕ್ಕಾಲು ಪಾಲು ಮನೆಗಳಲ್ಲಿ ತೆಲುಗು. ಈ ಕಡೆ ಕೆಲಸ ಮಾಡೋರಿಗೆ ಇದು ಹೊಸ ವಿಷಯ ಅಲ್ಲ. ಮಕ್ಕಳಿಗೆ ಕನ್ನಡ ಅರ್ಥ ಆಗುತ್ತೆ, ಸಂತೇಲಿ ಬಸ್ಸಲ್ಲಿ ಮಾತಾಡ್ತಾರೆ, ಆದ್ರೆ ಕ್ಲಾಸಲ್ಲಿ ಎದ್ದು ನಿಂತು ಪೂರ್ತಿ ಒಂದು ವಾಕ್ಯ ಹೇಳು ಅಂದ್ರೆ ಬಾಯಿ ಕಟ್ಟಿ ಹೋಗುತ್ತೆ. ಹಾಗಾಗಿ ನಾನು ಈ ಕಿಟ್‌ನ ಒಂದೇ ಒಂದು ಕಣ್ಣಿಂದ ನೋಡಿದ್ದು, ಇದ್ರಿಂದ ಎಷ್ಟು ಮಕ್ಕಳು ಬಾಯಿ ಬಿಡ್ತಾರೆ ಅಂತ.

ಒಳಗಡೆ ಇರೋದು: 49 ಅಕ್ಷರದ ಕಾರ್ಡು, ಕಾಗುಣಿತದ ಪಟ್ಟಿಗಳು, ಒತ್ತಕ್ಷರದ್ದು ಒಂದು ಕಟ್ಟು, ಚಿತ್ರ ಇರೋ ಮಿಂಚುಪಟ್ಟಿ (ಫ್ಲ್ಯಾಶ್ ಕಾರ್ಡು), ಖಾಲಿ ಕಾರ್ಡು 60, ಬಟ್ಟೆಯ ಪಾಕೆಟ್ ಬೋರ್ಡು, ಎರಡು ಮರದ ದಾಳ, ಒಂದು ಕೈಪಿಡಿ, ಪಾಠ ಯೋಜನೆ ಬರೆಯೋಕೆ ಒಂದು ಪುಸ್ತಕ. ಪಾಕೆಟ್ ಬೋರ್ಡು ತುಂಬಾ ಚೆನ್ನಾಗಿದೆ, ದಪ್ಪ ಬಟ್ಟೆ, ಹೊಲಿಗೆ ಗಟ್ಟಿ, ಗೋಡೆ ಮೊಳೆಗೆ ತೂಗು ಹಾಕಿದ್ದು ಇನ್ನೂ ಹಾಗೇ ಇದೆ.

ಈಗ ದಾಳದ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಇಡೀ ಪೆಟ್ಟಿಗೇಲಿ ನನಗೆ ಕೊಟ್ಟ ದುಡ್ಡು ವಸೂಲಿ ಆಗಿದ್ದು ಅದ್ರಲ್ಲೇ. ಒಂದು ದಾಳಕ್ಕೆ ಮಾಮೂಲಿ ಚುಕ್ಕಿ. ಇನ್ನೊಂದಕ್ಕೆ ಆರು ಮುಖಕ್ಕೂ ಒಂದೊಂದು ಪ್ರಶ್ನೆ ಪದ: ಯಾರು, ಏನು, ಎಲ್ಲಿ, ಯಾವಾಗ, ಯಾಕೆ, ಹೇಗೆ. ಅಷ್ಟೇ. ಇಷ್ಟು ವರ್ಷ ಪಾಠ ಓದಿ ಮುಗಿಸಿದ್ಮೇಲೆ ನಾನು ಪ್ರಶ್ನೆ ಕೇಳೋದು, ಮುಂದೆ ಕೂತಿರೋ ನಾಲ್ಕೈದು ಜನ ಉತ್ತರ ಹೇಳೋದು, ಹಿಂದಿನವರು ತಲೆ ತಗ್ಗಿಸಿ ಕೂರೋದು ಇದೇ ನಡೀತಿತ್ತು. ಈಗ ದಾಳ ಎಸೆದವರೇ ಪ್ರಶ್ನೆ ಕಟ್ಟಬೇಕು, ಉತ್ತರ ಪಕ್ಕದ ಗುಂಪಿನವರು ಹೇಳ್ಬೇಕು. ಉತ್ತರ ಆದ್ರೆ ಪುಸ್ತಕದಲ್ಲಿ ನೋಡಿ ಒಂದು ಪದ ಹೇಳಿ ಕೂತ್ಬಿಡಬಹುದು, ಪ್ರಶ್ನೆ ಹಾಗಲ್ಲ, ಪೂರ್ತಿ ವಾಕ್ಯ ತಾವೇ ಮಾಡ್ಬೇಕು, ಕ್ರಿಯಾಪದ ಸರಿಯಾಗಿ ಬರ್ಬೇಕು. ಬಾಯಾರಿದ ಕಾಗೆ ಕಥೆ ಮಾಡಿದ ದಿನ, ಜೂನ್‌ನಿಂದ ಒಂದು ಮಾತೂ ಆಡದೇ ಇದ್ದ ಹುಡುಗಿಗೆ "ಯಾಕೆ" ಬಿತ್ತು. ದಾಳಾನೇ ನೋಡ್ತಾ ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ಲು, ಆಮೇಲೆ ಮೆಲ್ಲಗೆ "ಕಾಗೆ ಬಿಂದಿಗೇನ ಯಾಕ್ ಬೀಳಿಸ್ಲಿಲ್ಲ?" ಅಂದ್ಲು. ಕ್ಲಾಸು ಗಪ್‌ಚುಪ್. ಕಿಟಕಿ ಪಕ್ಕದ ಗುಂಪಿಂದ ಒಬ್ಬ ಎದ್ದು "ನೀರೆಲ್ಲ ಚೆಲ್ಲೋಗ್ತೈತೆ, ಮಣ್ಣು ಕುಡ್ಕೊಂಬಿಡ್ತೈತೆ" ಅಂದ. ಆ ಪ್ರಶ್ನೆ ನನ್ನ ಪಾಠ ಯೋಜನೇಲಿ ಇರ್ಲಿಲ್ಲ, ನನಗೆ ಹೊಳೆದೂ ಇರ್ಲಿಲ್ಲ. ಅವತ್ತಿಂದ ಆ ಹುಡುಗಿ ದಾಳ ತನ್ನ ಕೈಗೆ ಬರೋದನ್ನೇ ಕಾಯ್ತಾಳೆ.

ಒಂದೇ ಸಮಸ್ಯೆ, 34 ಮಕ್ಕಳಿಗೆ ಒಂದು ಪ್ರಶ್ನೆ ದಾಳ ಸಾಲಲ್ಲ. ಕೈಪಿಡೀಲಿ ಈ ಆಟಕ್ಕೆ 10 ನಿಮಿಷ ಅಂತ ಬರ್ದಿದಾರೆ, ನನಗೆ ಮೊದಲ ಸಲ 25 ನಿಮಿಷ ಹಿಡೀತು, 40 ನಿಮಿಷದ ಪೀರಿಯಡ್‌ನಲ್ಲಿ 25 ಹೋದ್ರೆ ಬರೆಸೋದು ಯಾವಾಗ. ಆಮೇಲೆ ಥರ್ಮಾಕೋಲ್ ಕತ್ತರಿಸಿ ಪೇಪರ್ ಅಂಟಿಸಿ ಇನ್ನೂ ಐದು ದಾಳ ಮಾಡ್ಕೊಂಡು, ಗುಂಪಿಗೊಂದು ಕೊಟ್ಟೆ, ಈಗ 12 ನಿಮಿಷಕ್ಕೆ ಎಲ್ಲರದ್ದೂ ಒಂದು ಸುತ್ತು ಮುಗಿಯುತ್ತೆ.

ಅಕ್ಷರದ ಕಾರ್ಡುಗಳಲ್ಲಿ ಕಿಟ್ ಮಾಡಿದವರು ನಮ್ಮ ಶಾಲೆಗಳನ್ನ ಗಮನಿಸಿಲ್ಲ ಅನಿಸ್ತು. ಕೈಪಿಡಿ ಪೂರ್ತಿ ಅ ಆ ಇ ಈ ವರ್ಣಮಾಲೆ ಕ್ರಮದಲ್ಲೇ ಹೋಗುತ್ತೆ, ಮೊದಲು ಸ್ವರ ಎಲ್ಲ ಮುಗಿಸಿ, ಆಮೇಲೆ ಕ ಖ ಗ ಘ. ನಲಿಕಲೀಲಿ, ಅಂದ್ರೆ ಸರ್ಕಾರಿ ಶಾಲೆ ಚಿಕ್ಕ ಕ್ಲಾಸುಗಳಲ್ಲಿ ಆಟ ಚಟುವಟಿಕೆ ಮೂಲಕ ಕಲಿಸೋ ಪದ್ಧತೀಲಿ, ಶುರುವಾಗೋದೇ ರ ಗ ಸ ದ ಅ ಇಂದ. 1995ರಲ್ಲಿ ಮೈಸೂರು ಜಿಲ್ಲೆ ಎಚ್.ಡಿ. ಕೋಟೇಲಿ ನಲಿಕಲಿ ಶುರುವಾಗಿದ್ದು, ಅಲ್ಲಿಂದ ರಾಜ್ಯಕ್ಕೆಲ್ಲ ಹರಡ್ತು, ನಮ್ಮ ಮಕ್ಕಳು ಕಲ್ತು ಬಂದಿರೋದು ಆ ಕ್ರಮದಲ್ಲೇ. ಅದ್ರ ಹಿಂದೆ ಒಳ್ಳೇ ಕಾರಣಾನೂ ಇದೆ. ಐದೇ ಅಕ್ಷರ ಬಂದ್ರೆ ಸರ, ದರ, ಅರಸ, ಅಗಸ ಅಂತ ಪದ ಓದೋಕೆ ಆಗುತ್ತೆ, ಮಗುಗೆ ಮೊದಲ ವಾರದಲ್ಲೇ ನಾನು ಓದ್ತೀನಿ ಅನ್ನೋ ಧೈರ್ಯ ಬರುತ್ತೆ. ವರ್ಣಮಾಲೆ ಕ್ರಮದಲ್ಲಿ ಹೋದ್ರೆ ರ ಅನ್ನೋದು 42ನೇ ಅಕ್ಷರ, ಸ 47ನೇದು, "ಸರ" ಅಂತ ಓದೋಕೆ ಅಷ್ಟು ದಿನ ಕಾಯ್ಬೇಕು. ಕಾರ್ಡುಗಳು ಬಿಡಿಬಿಡಿಯಾಗಿರೋದ್ರಿಂದ ನಮ್ಮ ನಲಿಕಲಿ ನೋಡ್ಕೊಳ್ಳೋ ಅಕ್ಕ ಅದನ್ನ ತಮ್ಮ ಕ್ರಮಕ್ಕೆ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿಟ್ಕೊಂಡ್ರು, ಆದ್ರೆ ಕೈಪಿಡಿ ಅವರಿಗೆ ಉಪಯೋಗಕ್ಕೆ ಬರ್ಲಿಲ್ಲ.

ಚಿತ್ರದ ಕಾರ್ಡುಗಳ ಬಗ್ಗೆ ಬೇಜಾರಿದೆ. ಛತ್ರಿ ಕಾರ್ಡಲ್ಲಿ "ಚತ್ರಿ" ಅಂತಿದೆ, ಶಂಖಕ್ಕೆ "ಶಂಕ". ಅಲ್ಪಪ್ರಾಣ ಮಹಾಪ್ರಾಣಾನೇ ನಮ್ಮ ಮಕ್ಕಳು ಹೆಚ್ಚು ತಪ್ಪು ಮಾಡೋ ಜಾಗ, ನಾವು ದಿನಾ ತಿದ್ದುತೀವಿ, ಅಚ್ಚಾಗಿರೋ ಕಾರ್ಡಲ್ಲೇ ತಪ್ಪಿದ್ರೆ ಮಗು ಯಾರನ್ನ ನಂಬ್ಬೇಕು? ಪೆಟ್ಟಿಗೆ ಮೇಲಿದ್ದ ನಂಬರಿಗೆ ಫೋಟೋ ಹಾಕ್ದೆ, ನೋಡಿದ ಗುರುತು ಬಂತು, ಉತ್ತರ ಬಂದಿಲ್ಲ. ಲ್ಯಾಮಿನೇಷನ್ ಕೂಡ ಅಂಚಲ್ಲಿ ಬಿಟ್ಕೊಳ್ತಿದೆ, ಎರಡೇ ತಿಂಗಳಿಗೆ. ತಗೊಳ್ಳೋರು ಅಂಗಡೀಲೇ ಕೂತು ಒಂದ್ಸಲ ಎಲ್ಲ ಕಾರ್ಡೂ ಓದಿ ನೋಡಿ, ಹತ್ತು ನಿಮಿಷ ಆಗುತ್ತೆ ಅಷ್ಟೇ.

ಖಾಲಿ ಕಾರ್ಡು 60 ಕೊಟ್ಟಿದಾರೆ ಅಂದ್ನಲ್ಲ, ಅದ್ರಿಂದ ನಾನು ಮಾಡಿದ ಒಂದು ಚಟುವಟಿಕೆ ಇಲ್ಲಿ ಹೇಳ್ಲೇಬೇಕು, ಗಡಿಭಾಗದಲ್ಲಿ ಪಾಠ ಮಾಡೋ ಎಲ್ಲರಿಗೂ ಉಪಯೋಗ ಆಗುತ್ತೆ. ಮಕ್ಕಳ ಮನೆ ತೆಲುಗು ಪದ ಒಂದು ಕಾರ್ಡಲ್ಲಿ, ಕನ್ನಡ ಪದ ಇನ್ನೊಂದ್ರಲ್ಲಿ, ಎರಡನ್ನೂ ಕನ್ನಡ ಲಿಪೀಲೇ ಬರ್ದೆ. ಪಾಲು–ಹಾಲು, ಪುಲಿ–ಹುಲಿ, ಪುವ್ವು–ಹೂವು, ಪಾಮು–ಹಾವು, ಪಂದಿ–ಹಂದಿ, ಪೇನು–ಹೇನು, ಪಗಲು–ಹಗಲು. ಕಲಸಿ ಹಂಚಿ, ನಿಮ್ಮ ಜೋಡಿ ಹುಡುಕ್ಕೊಂಡು ಬಂದು ಪಾಕೆಟ್ ಬೋರ್ಡಲ್ಲಿ ಅಕ್ಕಪಕ್ಕ ಇಡಿ ಅಂದೆ. ನಾನು ಏನೂ ವಿವರಿಸಿರ್ಲಿಲ್ಲ. ಏಳು ಜೋಡಿ ಸಾಲಾಗಿ ನಿಂತ್ಮೇಲೆ ಐದನೇ ಕ್ಲಾಸಿನ ಒಬ್ಬ ಹುಡುಗ ಬೋರ್ಡ್ ಹತ್ರ ಬಂದು ಬೆರಳಿಟ್ಟು ಮೇಲಿಂದ ಕೆಳಗೆ ಎಳೆದ, "ಮಿಸ್, ಎಲ್ಲಾ ಕಡೆ ಪ ಹೋಗಿ ಹ ಆಗೈತೆ!" ತಕ್ಷಣ ಇನ್ನೊಬ್ಳು "ಹಂಗಾರೆ ಪಿಲ್ಲಿ ಹಿಲ್ಲಿನಾ ಮಿಸ್?" ಅಂತ ಕೇಳಿದ್ಲು. ಪಿಲ್ಲಿ ಅಂದ್ರೆ ತೆಲುಗಲ್ಲಿ ಬೆಕ್ಕು. ಅಲ್ಲಮ್ಮ, ಎಲ್ಲ ಪದಕ್ಕೂ ಹಾಗಾಗಲ್ಲ, ಅದಕ್ಕೆ ನಮ್ಮಲ್ಲಿ ಬೇರೆ ಪದಾನೇ ಇದೆ ಅಂದೆ, ಹಾಗೇ ಹಿಂದಿನ ಕಾಲದಲ್ಲಿ ಕನ್ನಡದಲ್ಲೂ ಪುಲಿ, ಪಾಲ್ ಅಂತಾನೇ ಅಂತಿದ್ರು, ನಿಮ್ಮ ಅಜ್ಜಿ ಆಡೋ ಮಾತು ನಮ್ಮ ಹಳಗನ್ನಡಕ್ಕೆ ಹತ್ರ ಇದೆ ಅಂತ ಹೇಳ್ದೆ. ಮನೆ ಭಾಷೆ ಅಂದ್ರೆ ಮುಚ್ಚಿಡೋ ವಿಷಯ ಅಂತ ಕೂರ್ತಿದ್ದ ಮಕ್ಕಳು ಮಾರನೇ ದಿನ ಅಜ್ಜಿ ಹತ್ರ ಕೇಳಿ ಚೀಟಿ ತುಂಬ ಪದ ತಂದ್ರು. "ಪಂಡು–ಹಣ್ಣು" ಅವರೇ ಹುಡುಕಿದ್ದು. ಇವರು ದೊಡ್ಡವರಾಗಿ ಹೈಸ್ಕೂಲಲ್ಲಿ ಹಳಗನ್ನಡ ಪದ್ಯ ತೆಗೆದಾಗ ಅಷ್ಟು ಗಾಬರಿ ಆಗಲ್ಲ ಅಂತ ನನ್ನ ನಂಬಿಕೆ.

ಕೈಪಿಡೀಲಿ 30 ಚಟುವಟಿಕೆ ಇದೆ, ಅರ್ಧ ಚೆನ್ನಾಗಿದೆ. ಬೆನ್ನಿಗೆ ಬೆನ್ನು ಕೊಟ್ಟು ಕೂತು ಒಬ್ಬರು ಚಿತ್ರ ವರ್ಣಿಸೋದು ಇನ್ನೊಬ್ಬರು ಕೇಳಿ ಆ ಚಿತ್ರ ಬಿಡಿಸೋದು ನಮ್ಮಲ್ಲಿ ಭರ್ಜರಿಯಾಗಿ ನಡೀತು, ಎಡ ಬಲ ಮೇಲೆ ಕೆಳಗೆ ಎಲ್ಲ ಪದ ತಾನಾಗೇ ಬರುತ್ತೆ. ಇನ್ನು ಕೆಲವು ಪೇಟೆ ಮಕ್ಕಳಿಗೆ ಮಾಡಿರೋದು. ಸಂಭಾಷಣೆಗೆ ಮಾಲ್‌ನಲ್ಲಿ ಶಾಪಿಂಗ್ ಅಂತ ಕೊಟ್ಟಿದಾರೆ, ನಮ್ಮ ಮಕ್ಕಳು ಮಾಲ್ ನೋಡಿಲ್ಲ. ಅದನ್ನ ಬಿಟ್ಟು ಟೊಮ್ಯಾಟೊ ಮಂಡಿ ಹರಾಜು ಮಾಡಿಸ್ದೆ. ಕೋಲಾರ ಎಪಿಎಂಸಿ ಟೊಮ್ಯಾಟೊಗೆ ಎಷ್ಟು ದೊಡ್ಡ ಮಾರ್ಕೆಟ್ ಅಂತ ಎಲ್ರಿಗೂ ಗೊತ್ತು, ಈ ಮಕ್ಕಳ ಅಪ್ಪಂದಿರು ರಾತ್ರಿ ಲೋಡ್ ಮಾಡ್ಕೊಂಡು ಹೋಗೋರು. ಒಬ್ಬ ಮಂಡಿ ಮಾಲೀಕ, ನಾಲ್ಕು ಜನ ವ್ಯಾಪಾರಿ, ಇಬ್ಬರು ರೈತರು. 15 ಕೆಜಿ ಬಾಕ್ಸಿಗೆ ಕೂಗಿದ್ದೇ ಕೂಗಿದ್ದು, ಕೊನೇಗೆ ರೈತ ಆಗಿದ್ದ ಹುಡುಗ "ಈ ರೇಟಿಗೆ ನಾನ್ ಕೊಡಲ್ಲಣ್ಣ, ಔಷಧಿ ದುಡ್ಡೂ ಹುಟ್ಟಲ್ಲ" ಅಂದ. ಆ ಒಂದು ವಾಕ್ಯದಿಂದ್ಲೇ ಮರುದಿನ ಪತ್ರಲೇಖನ ಶುರು ಮಾಡಿಸ್ದೆ, ಬೆಲೆ ಬಿದ್ದಿದೆ ಅಂತ ಅಧಿಕಾರಿಗಳಿಗೆ ಮನವಿ ಪತ್ರ, ಬೋರ್ಡಲ್ಲಿ ಬರ್ದಿದ್ದನ್ನ ಕಾಪಿ ಮಾಡದೇ ಪತ್ರ ಬರೆದಿದ್ದು ಇದೇ ಮೊದಲು.

ಪಾಠ ಯೋಜನೆ ಪುಸ್ತಕ ನನಗೆ ಹಿಡಿಸ್ಲಿಲ್ಲ. ಪುಟ ಪುಟಕ್ಕೂ 5 ಇ ಅನ್ನೋ ಐದು ಹಂತದ ಪಾಠ ಮಾದರಿಯ ಡಬ್ಬಿಗಳು: ತೊಡಗಿಸಿಕೊಳ್ಳುವುದು, ಪರಿಶೋಧನೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ. ನಾವೆಲ್ಲ ಬರೆಯೋದೇ ಅದು, ಆದ್ರೆ ಅದು ಹುಟ್ಟಿದ್ದು 1980ರ ದಶಕದಲ್ಲಿ ಅಮೆರಿಕದಲ್ಲಿ, ವಿಜ್ಞಾನ ಪಾಠಕ್ಕೆ ಅಂತ. ಭಾಷೆ ಪಾಠಕ್ಕೆ ಇವತ್ತು ಎಷ್ಟು ಆಲಿಸಿದ್ರು, ಎಷ್ಟು ಮಾತಾಡಿದ್ರು, ಓದಿದ್ರು, ಬರೆದ್ರು ಅಂತ ಗುರುತು ಹಾಕೋಕೆ ಜಾಗ ಬೇಕು, ಇದ್ರಲ್ಲಿ ಒಂದು ಗೆರೆಯೂ ಇಲ್ಲ. ನಾನು ಅಂಚಲ್ಲಿ ಪೆನ್ಸಿಲಿಂದ ನಾಲ್ಕು ಮನೆ ಎಳ್ಕೊಂಡು, ಕೆಳಗೆ "ಇವತ್ತು ಮಾತಾಡದೇ ಇದ್ದವರು" ಅಂತ ಒಂದು ಸಾಲು ಸೇರಿಸ್ಕೊಂಡೆ. ಮೊದಲ ವಾರ ಆ ಸಾಲಲ್ಲಿ 19 ಹೆಸರಿತ್ತು, ಹೋದ ವಾರ 4. ಆ ನಾಲ್ಕು ಜನಕ್ಕೆ ಮಾರನೇ ದಿನ ಮೊದಲು ದಾಳ ಕೊಡ್ತೀನಿ. ಕೈಪಿಡಿಯ ಕ್ಯೂಆರ್ ಕೋಡ್ ಎರಡು ತೆರೆಯಲೇ ಇಲ್ಲ, ಹಾಡು ಚಿತ್ರ ಬೇಕಾದ್ರೆ ನಮ್ಮ ಪಠ್ಯಪುಸ್ತಕದಲ್ಲಿರೋ ದೀಕ್ಷಾ (ಸರ್ಕಾರದ ಆನ್‌ಲೈನ್ ಪಾಠಗಳ ವೇದಿಕೆ) ಕೋಡೇ ಸಾಕು, ಅದಕ್ಕೆ ದುಡ್ಡೂ ಇಲ್ಲ.

ಒಟ್ಟು ಐದಕ್ಕೆ ಮೂರು ಸ್ಟಾರ್ ಕೊಡ್ತೀನಿ. ಪಾಕೆಟ್ ಬೋರ್ಡು, ದಾಳ, ಖಾಲಿ ಕಾರ್ಡು ಇಷ್ಟಕ್ಕೇ ಆ ಮೂರೂ. ಶಾಲೆ ದುಡ್ಡಲ್ಲಿ ತಗೊಳ್ಳೋದಾದ್ರೆ ಎರಡು ಶಾಲೆ ಸೇರಿ ಒಂದು ತಗೊಂಡ್ರೂ ನಡೆಯುತ್ತೆ. ಹೋದ ಶನಿವಾರ ಅಂಗಡಿ ಅಣ್ಣಂಗೆ ಇದೆಲ್ಲ ಹೇಳಿ, ಪ್ರಶ್ನೆ ದಾಳ ಮತ್ತೆ ಖಾಲಿ ಕಾರ್ಡು ಬಿಡಿಯಾಗಿ ತರಿಸಿ ಕೊಡ್ತೀರಾ ಅಂತ ಕೇಳ್ದೆ. ದಾಳ ಇಲ್ಲೇ ಮರಗೆಲಸದವರ ಹತ್ರ ಮಾಡಿಸ್ತೀನಿ ಮೇಡಂ, ಅಕ್ಷರ ನೀವೇ ಬರ್ದುಕೊಡಿ ಅಂದ್ರು. ಸೋಮವಾರ ಬರ್ದುಕೊಟ್ಟು ಬಂದಿದೀನಿ, ಮೊದಲ 12 ದಾಳ ನಮ್ಮ ಕ್ಲಸ್ಟರ್‌ನ, ಅಂದ್ರೆ ಸುತ್ತಮುತ್ತಲ ಗುಂಪಿನ ಶಾಲೆಗಳಿಗೆ.