ಟಪ್ ಅಂತ ಮುಚ್ಚಬೇಕಿದ್ದ ಚೀಲ: ಹಂಪನಕಟ್ಟೆಯ ಒಂದು ಬ್ಯಾಗ್ ರಿಪೇರಿ ಅಂಗಡಿ

ಮಂಗಳೂರಿನ ಹಂಪನಕಟ್ಟೆಯಿಂದ ಸೆಂಟ್ರಲ್ ಮಾರ್ಕೆಟ್ ಕಡೆ ಹೋಗುವಾಗ ಒಂದು ಸಣ್ಣ ಬ್ಯಾಗ್ ರಿಪೇರಿ ಅಂಗಡಿ ಸಿಗುತ್ತದೆ. ಇಬ್ಬರು ನಿಂತರೆ ಮೂರನೆಯವರಿಗೆ ಜಾಗ ಇಲ್ಲ. ಬೋರ್ಡಿನ ಅಕ್ಷರಗಳು ಮಳೆಗೆ ಅಳಿಸಿ ಹೋಗಿವೆ. ಬಾಗಿಲಲ್ಲಿ ನೇತು ಹಾಕಿದ ಸ್ಕೂಲ್ ಬ್ಯಾಗುಗಳೇ ಗುರುತು.

ನಾನು ಉಡುಪಿಯವಳು, ಶಾಲೆಯಲ್ಲಿ ಪಾಠ ಮಾಡುತ್ತೇನೆ, ಸಂಜೆ ಹವ್ಯಾಸಿ ತಂಡದಲ್ಲಿ ನಾಟಕ. ಈ ಸಲ ಜರ್ಮನ್ ನಾಟಕಕಾರ ಬ್ರೆಕ್ಟ್‌ನ 'ಮದರ್ ಕರೇಜ್' ನಾಟಕದ ತಾಯಿಯ ಪಾತ್ರ ನನ್ನ ಪಾಲಿಗೆ ಬಂತು. ಯುದ್ಧದ ಹಿಂದೆಯೇ ಗಾಡಿ ಎಳೆದುಕೊಂಡು ವ್ಯಾಪಾರ ಮಾಡುವ ಹೆಂಗಸು. ಸೊಂಟಕ್ಕೊಂದು ದುಡ್ಡಿನ ಚೀಲ ಬೇಕಿತ್ತು. ಆನ್‌ಲೈನ್‌ನಲ್ಲಿ ತರಿಸಿದ ಚೀಲ ನೋಡಲು ಚಂದವಿತ್ತು, ಆದರೆ ಮ್ಯಾಗ್ನೆಟ್ ಬಾಯಿ. ಮುಚ್ಚಿದರೆ ಸದ್ದೇ ಇಲ್ಲ.

ಸದ್ದು ಯಾಕೆ ಅಂದರೆ, ಇದೇ ಪಾತ್ರ ಮಾಡಿದ ನಟಿ ಹೆಲೆನ ವೈಗೆಲ್ ಅವರಿಂದಾಗಿ. ಹುಟ್ಟಿದ್ದು 1900ರಲ್ಲಿ ವಿಯೆನ್ನಾದ ಯಹೂದಿ ಮನೆಯಲ್ಲಿ, ಹೆಸರು ಮಾಡಿದ್ದು ಜರ್ಮನಿಯ ರಂಗದಲ್ಲಿ. 1929ರಲ್ಲಿ ಬ್ರೆಕ್ಟ್‌ನನ್ನು ಮದುವೆಯಾದರು. 1933ರಲ್ಲಿ ಹಿಟ್ಲರ್ ಬಂದ ಮೇಲೆ ಗಂಡ, ಇಬ್ಬರು ಮಕ್ಕಳ ಜೊತೆ ದೇಶ ಬಿಟ್ಟರು. ಡೆನ್ಮಾರ್ಕ್, ಸ್ವೀಡನ್, ಫಿನ್ಲೆಂಡ್, ಕೊನೆಗೆ ಅಮೆರಿಕ. ಹದಿನೈದು ವರ್ಷ ರಂಗದ ಮೇಲೆ ನಿಂತದ್ದು ಬೆರಳೆಣಿಕೆಯಷ್ಟು ಸಲ. ಈ ನಾಟಕದ ಮೂಗಿ ಮಗಳ ಪಾತ್ರವನ್ನು ಬರೆದದ್ದೇ ಅವರಿಗಾಗಿ, ಭಾಷೆ ಗೊತ್ತಿಲ್ಲದ ಊರಲ್ಲೂ ಆಡಬಹುದಲ್ವಾ ಅಂತ, ಎನ್ನುತ್ತಾರೆ. ಆದರೆ 1949ರ ಜನವರಿ 11ರಂದು ಬರ್ಲಿನ್‌ನ ಡಾಯ್ಚಸ್ ಥಿಯೇಟರಿನಲ್ಲಿ ಅವರು ತಾಯಿಯಾಗಿಯೇ ಗಾಡಿಯ ಮೇಲೆ ಬಂದರು. ಅದೇ ವರ್ಷ ಶುರುವಾದ ಬರ್ಲಿನರ್ ಆನ್ಸಾಂಬ್ಲ್ ತಂಡವನ್ನು 1971ರಲ್ಲಿ ಸಾಯುವವರೆಗೂ ಅವರೇ ನಡೆಸಿದರು.

ಅವರು ರಂಗಕ್ಕೆ ಒಯ್ಯುವ ಸಾಮಾನುಗಳನ್ನು ಒಂದೊಂದಾಗಿ ಆರಿಸುತ್ತಿದ್ದರು. ಜಾಕೆಟ್ಟಿನ ಗುಂಡಿ ತೂತಿಗೆ ಸಿಕ್ಕಿಸಿದ ತವರದ ಚಮಚ ಕೂಡ ಸುಮ್ನೆ ಬಂದದ್ದಲ್ಲ. ಈ ಆಯ್ಕೆಯ ಬಗ್ಗೆಯೇ ಬ್ರೆಕ್ಟ್ ಒಂದು ಪದ್ಯ ಬರೆದಿದ್ದಾನೆ. ಪ್ರತಿ ವ್ಯಾಪಾರ ಮುಗಿದಾಗ ಅವರು ಚರ್ಮದ ಚೀಲವನ್ನು ಟಪ್ ಅಂತ ಮುಚ್ಚುತ್ತಿದ್ದರು. ಅದೇ ತಾಯಿ, ಮಗನ ಪ್ರಾಣಕ್ಕೂ ಚೌಕಾಸಿ ಮಾಡುತ್ತಾ ಕೂತು ಹೊತ್ತು ಮೀರಿಸುತ್ತಾಳೆ. ಗುಂಡಿನ ಸದ್ದು ಕೇಳುತ್ತದೆ. ಆಗ ವೈಗೆಲ್ ತಲೆ ಹಿಂದಕ್ಕೆ ಎಸೆದು ಬಾಯಿ ಅಗಲಿಸಿದರು. ದನಿ ಮಾತ್ರ ಬರಲಿಲ್ಲ. ಸಿಂಗಾಪುರದ ಮೇಲೆ ಶೆಲ್ ಬಿದ್ದಾಗ ಸತ್ತ ಮಗನ ಹತ್ತಿರ ಕುಕ್ಕರಿಸಿದ ಭಾರತದ ಒಬ್ಬ ತಾಯಿಯ ಪತ್ರಿಕೆ ಫೋಟೋದಿಂದ ಬಹುಶಃ ಅದು ಬಂತು ಎಂದು ಬ್ರೆಕ್ಟ್‌ನ ಟಿಪ್ಪಣಿಯಲ್ಲಿದೆ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಾಗಾಗಿ ಚೀಲ ಮಾತಾಡಲೇಬೇಕಿತ್ತು. ತಾಯಿಯ ಕೂಗು ಕೇಳಬಾರದು, ಚೀಲದ ಬಾಯಿ ಕೇಳಬೇಕು.

ಉಡುಪಿಯಲ್ಲಿ ಎರಡು ಕಡೆ ಕೇಳಿದೆ. 'ಜಿಪ್ ಹಾಕಿಸಿಕೊಳ್ಳಿ' ಅಂದರು. ಹಂಪನಕಟ್ಟೆಯವರು ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, 'ಏತ್ ದೂರ ಕೇನೊಡು?' ಅಂತ ತುಳುವಿನಲ್ಲಿ ಒಂದೇ ಪ್ರಶ್ನೆ ಹಾಕಿದರು. ಎಷ್ಟು ದೂರ ಕೇಳಬೇಕು? ಹಾಲ್‌ನ ಕೊನೆ ಸಾಲಿಗೆ ಅಂದೆ.

ಡಬ್ಬಿಯಿಂದ ಹಳೆ ಪರ್ಸುಗಳ ಹಿತ್ತಾಳೆ ಬಾಯಿಗಳನ್ನು ಸುರಿದರು. ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಮುಚ್ಚಿದರು. ಕೆಲವು ಚಿಕ್ ಅಂದವು, ಒಂದು ಟಕ್ ಅಂತು. ಅದನ್ನೇ ಆರಿಸಿ, ತುದಿಯ ಎರಡು ಗುಂಡುಗಳನ್ನು ಇಕ್ಕಳದಲ್ಲಿ ಹತ್ತಿರಕ್ಕೆ ಬಗ್ಗಿಸಿದರು. ಒಂದು ಇನ್ನೊಂದನ್ನು ಕಷ್ಟಪಟ್ಟು ದಾಟಿದಷ್ಟೂ ಸದ್ದು ಜಾಸ್ತಿಯಂತೆ. ಬಾಯಿಯ ಪಕ್ಕದ ಒಳಬಟ್ಟೆ ಸದ್ದು ನುಂಗುತ್ತದೆ ಅಂತ ಅದನ್ನೂ ಕತ್ತರಿಸಿದರು. ನಾನು ಕೇಳದೆಯೇ ದಪ್ಪ ಚರ್ಮದ ಪಟ್ಟಿಯೊಂದನ್ನು ಹಳೆಯದು ಕಾಣುವಂತೆ ಎಣ್ಣೆ ಹಚ್ಚಿ ಉಜ್ಜಿ ಹಾಕಿಕೊಟ್ಟರು.

ಕೊರತೆಯನ್ನೂ ಹೇಳಬೇಕು. ಗುರುವಾರ ಅಂದದ್ದು ಮುಂದಿನ ಮಂಗಳವಾರಕ್ಕೆ ಹೋಯಿತು. ಫೋನ್ ಎತ್ತುವುದಿಲ್ಲ. ನಾಟಕದ ತಾರೀಕು ಹತ್ತಿರ ಇದ್ದಾಗ ಇದು ಸಣ್ಣ ಸಂಗತಿ ಅಲ್ಲ, ನನಗೆ ತುಂಬಾ ಗಾಬರಿಯಾಗಿತ್ತು. ಒಟ್ಟು 450 ರೂಪಾಯಿ, ನಗದು ಮಾತ್ರ. ಹೊಲಿಗೆ ಗಟ್ಟಿ ಇದೆ. ಆಮೇಲಿನ ತಾಲೀಮಿನಲ್ಲಿ ಒಂದು ಎಳೆ ಬಿಟ್ಟಿಲ್ಲ.

ಚೀಲ ಕಟ್ಟಿಕೊಂಡ ಮೇಲೆ ಮಲ್ಪೆ ಬಂದರಿಗೂ ಹೋದೆ, ದುಡ್ಡು ಎಣಿಸುವ ಕೈ ನೋಡಲು. ಮೀನು ಮಾರುವ ಒಬ್ಬ ಅಜ್ಜಿ ಗಿರಾಕಿಯ ಮುಖ ನೋಡುತ್ತಲೇ ಹೆಬ್ಬೆರಳಲ್ಲಿ ನೋಟು ಎಣಿಸುತ್ತಿದ್ದರು. ಚೀಲದ ಕಡೆ ಒಮ್ಮೆಯೂ ಕಣ್ಣು ಹಾಯಿಸಲಿಲ್ಲ. ಆ ಕೈಯನ್ನು ಮನೆಗೆ ತಂದೆ.

ಕೊನೆಯ ದೃಶ್ಯದಲ್ಲಿ ಮಗಳನ್ನು ಮಣ್ಣು ಮಾಡಲು ತಾಯಿ ರೈತರಿಗೆ ದುಡ್ಡು ಕೊಡುತ್ತಾಳೆ. ವೈಗೆಲ್ ಅಲ್ಲಿ ನಾಣ್ಯಗಳನ್ನು ತೆಗೆದು, ಒಂದನ್ನು ಚೀಲಕ್ಕೆ ವಾಪಸು ಹಾಕಿ, ಉಳಿದದ್ದನ್ನು ಕೊಟ್ಟರು. ನಾನೂ ಹಾಗೇ ಮಾಡಿದೆ. ಹಾಲ್ ನಿಶ್ಶಬ್ದವಾಗಿತ್ತು. ಚೀಲ ಮುಚ್ಚಿದೆ. ಕೊನೆ ಸಾಲಿನಲ್ಲಿ ಕೂತಿದ್ದ ತಂಗಿ, ಆ ಸದ್ದಿಗೆ ತನ್ನ ಪಕ್ಕದವರು ಬೆಚ್ಚಿ ಬಿದ್ದರು ಅಂದಳು.

ಮರುದಿನ ಅಂಗಡಿಗೆ ಹೋಗಿ ಅದನ್ನು ಹೇಳಿ ಬಂದೆ. ಅವರು ಚೀಲ ಕೈಗೆ ತೆಗೆದುಕೊಂಡು, ಎರಡು ಸಲ ಮುಚ್ಚಿ ನೋಡಿ, ಇಕ್ಕಳದಲ್ಲಿ ಇನ್ನೊಂದಿಷ್ಟು ಬಿಗಿ ಮಾಡಿ ಕೊಟ್ಟರು. ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.