ಸ್ಯಾಂಟಿಯಾಗೊದಲ್ಲಿ ದುಬಾರಿ ವೈನ್ ಕೊಳ್ಳುವ ಮೊದಲು ಬಾಟಲಿಯ ಕತ್ತು ನೋಡಿ

ಚಿಲಿಗೆ ಬರುವ ನಮ್ಮವರು ಒಂದು ಒಳ್ಳೆ ವೈನ್ ಎಲ್ಲಿ ಸಿಗುತ್ತದೆ ಅಂತ ನನ್ನನ್ನು ಕೇಳುತ್ತಲೇ ಇರುತ್ತಾರೆ. ದಯವಿಟ್ಟು ಮೊದಲು ಇದನ್ನು ಓದಿ.

ಜನವರಿಯಲ್ಲಿ ಅಣ್ಣ ಮೈಸೂರಿನಿಂದ ಬಂದಿದ್ದ. ನನ್ನನ್ನು ಓದಿಸಿದವನು ಅವನೇ. ಅವನಿಗೆ ಮೈಪೊ ಕಣಿವೆಯ ಒಂದು ದೊಡ್ಡ ವೈನ್ ಕುಡಿಸಬೇಕು ಅನ್ನುವುದು ನನ್ನ ಬಹಳ ದಿನದ ಆಸೆ. ಆ ಕಣಿವೆ ಊರಿಗೆ ಅಂಟಿಕೊಂಡೇ ಇದೆ. ಮೆಟ್ರೊ 4ನೇ ಲೈನ್ ಹತ್ತಿದರೆ ಕೊನೆಯಲ್ಲಿ ಇಳಿಯುವುದೇ ಆ ಕಣಿವೆಯ ಪುವೆಂತೆ ಆಲ್ತೊದಲ್ಲಿ. ಆಂಡೀಸ್ ಬುಡದ ಕಲ್ಲುಮಣ್ಣು, ಹಗಲು ಸುಡುಬಿಸಿಲು, ರಾತ್ರಿ ಬೆಟ್ಟದ ತಣ್ಣನೆ ಗಾಳಿ. ಕ್ಯಾಬರ್ನೆ ಸೊವಿನ್ಯಾನ್ ದ್ರಾಕ್ಷಿಗೆ ಹೇಳಿ ಮಾಡಿಸಿದ ಜಾಗ. ಅದಕ್ಕೆ ಫ್ರಾನ್ಸಿನ ವೈನ್ ಸೀಮೆ ಬೋರ್ಡೋದವರ ಹಾಗೆ ಬೇರೆ ತಳಿಗಳನ್ನೂ ಬೆರೆಸುತ್ತಾರೆ. ಕಾರ್ಮೆನೇರ್ ಅಂತೂ ಬೋರ್ಡೋದಲ್ಲೇ ಹೆಚ್ಚುಕಡಿಮೆ ಅಳಿದುಹೋದ ತಳಿ. ಇಲ್ಲಿ ಅದನ್ನು ಮೆರ್ಲೋ ಅನ್ನುವ ಇನ್ನೊಂದು ತಳಿ ಅಂದುಕೊಂಡೇ ಬೆಳೆಯುತ್ತಿದ್ದರು. 1994ರಲ್ಲಿ ಫ್ರಾನ್ಸಿನ ತಜ್ಞರೊಬ್ಬರು ಬಂದು ಗುರುತು ಹಿಡಿದರು. ಇದನ್ನೆಲ್ಲ ಹೇಳಿ ಹೇಳಿ ಅಣ್ಣನಿಗೆ ಆಸೆ ಹುಟ್ಟಿಸಿದ್ದೆ.

ಮನೆಯ ಹತ್ತಿರದ ಒಂದು ಚಿಕ್ಕ ಅಂಗಡಿಯಲ್ಲಿ ಅಂಥ ಬಾಟಲಿಯ ಬೆಲೆ ಸ್ವಲ್ಪ ಕಡಿಮೆ ಇತ್ತು. ಆದರೂ ಒಂದೂವರೆ ಲಕ್ಷ ಪೆಸೊ. ನಮ್ಮ ದುಡ್ಡಲ್ಲಿ ಹದಿಮೂರು ಸಾವಿರಕ್ಕೂ ಜಾಸ್ತಿ. ನಗದು ಕೊಟ್ಟರೆ ಇನ್ನೂ ಬಿಡುತ್ತೇನೆ ಅಂದರು, ಕೊಟ್ಟೆ. ಬೊಲೆತಾ, ಅಂದರೆ ರಸೀದಿ, ಕೇಳಲಿಲ್ಲ. ಬಾಟಲಿ ಗಾಜಿನ ಕಿಟಕಿಯಲ್ಲಿ ನೆಟ್ಟಗೆ ನಿಂತಿತ್ತು. ಕೈಗೆತ್ತಿಕೊಂಡಾಗ ಬೆಚ್ಚಗಿತ್ತು. ಆಗಲೇ ವಾಪಸ್ ಇಡಬೇಕಿತ್ತು. ಇಲ್ಲಿ ಜನವರಿ ಅಂದರೆ ನಡುಬೇಸಿಗೆ, ಮಧ್ಯಾಹ್ನ 30 ಡಿಗ್ರಿ ದಾಟುತ್ತದೆ.

ರಾತ್ರಿ ಊಟಕ್ಕೆ ಕೂತೆವು. ಬಾಯಿಗೆ ಸುತ್ತಿದ್ದ ತಗಡಿನ ಹಾಳೆ ಕತ್ತರಿಸಿದರೆ ಒಳಗೆ ಅಂಟಂಟು. ಕಾರ್ಕ್ ಬೆಂಕಿಕಡ್ಡಿಯ ದಪ್ಪದಷ್ಟು ಮೇಲೆದ್ದಿತ್ತು. ಅದರ ಪಕ್ಕದಲ್ಲಿ ಕೆಳಗಿನಿಂದ ಮೇಲಿನವರೆಗೂ ಕಪ್ಪು ಕೆಂಪು ಗೆರೆ. ಗ್ಲಾಸಿಗೆ ಸುರಿದಾಗ ಬಣ್ಣ ಇಟ್ಟಿಗೆಯ ಹಾಗೆ ಕಂದು. ಒಳ್ಳೆ ಮೈಪೊ ಕ್ಯಾಬರ್ನೆಯಲ್ಲಿ ಕಪ್ಪು ಹಣ್ಣು, ದೇವದಾರು, ಸಣ್ಣಗೆ ನೀಲಗಿರಿ ಎಲೆಯ ವಾಸನೆ ಇರುತ್ತದೆ. ಇದರಲ್ಲಿ ಬೇಯಿಸಿದ ಒಣದ್ರಾಕ್ಷಿಯ ವಾಸನೆ, ಹಿಂದೆಯೇ ಹುಳಿ. ಅಣ್ಣ ಒಂದು ಗುಟುಕು ಕುಡಿದು, "ಚೆನ್ನಾಗಿದೆ ಕಣೋ" ಅಂದ. ಆಮೇಲೆ ಆ ಗ್ಲಾಸ್ ಮುಟ್ಟಲಿಲ್ಲ.

ಆಗಿದ್ದು ಇಷ್ಟೇ. ಬಿಸಿಗೆ ವೈನ್ ಹಿಗ್ಗಿ ಕಾರ್ಕನ್ನು ಮೇಲೆ ನೂಕಿ ಪಕ್ಕದ ಸಂದಿಯಲ್ಲಿ ಸೋರುತ್ತದೆ. ತಣ್ಣಗಾದಾಗ ಅದೇ ಸಂದಿಯಲ್ಲಿ ಗಾಳಿ ಒಳಗೆ ಹೋಗುತ್ತದೆ. ಕೆಲವೇ ವಾರ ಬಿಸಿಲಲ್ಲಿ ನಿಂತರೂ ಹತ್ತಿಪ್ಪತ್ತು ವರ್ಷ ಬಾಳಬೇಕಾದ ಬಾಟಲಿ ಕೆಡುತ್ತದೆ. ವೈನಿನ ಹೆಸರು ಹೇಳುವುದಿಲ್ಲ, ಏಕೆಂದರೆ ತಪ್ಪು ಅದನ್ನು ತಯಾರಿಸಿದವರದ್ದಲ್ಲ, ಬಿಸಿಲಲ್ಲಿ ಇಟ್ಟವರದ್ದು.

ಮರುದಿನ ಅಂಗಡಿಗೆ ಹೋದರೆ, ಇಂಥ ವೈನ್ ರುಚಿಯೇ ಹಾಗೆ ಅಂದರು. ಜಾಸ್ತಿ ಕೇಳಿದ್ದಕ್ಕೆ ಬೊಲೆತಾ ಎಲ್ಲಿ ಅಂದರು. ಇಲ್ಲಿ ಗ್ರಾಹಕರ ದೂರು ನೋಡುವ ಸೆರ್ನಾಕ್ ಅನ್ನುವ ಸರ್ಕಾರಿ ಸಂಸ್ಥೆ ಇದೆ. ಕೊಂಡಿದ್ದಕ್ಕೆ ಸಾಕ್ಷಿಯೇ ಇಲ್ಲದೆ ಅಲ್ಲಿಗೆ ಏನು ಅಂತ ಹೋಗಲಿ?

ಅದಕ್ಕೇ ಹೇಳುತ್ತಿದ್ದೇನೆ. ಬಾಟಲಿಯ ಬಾಯಿಯ ಮೇಲೆ ಹೆಬ್ಬೆರಳು ಒತ್ತಿ ನೋಡಿ. ಉಬ್ಬಿದ್ದರೆ ಬೇಡ. ಕತ್ತಿನ ಸುತ್ತ ಅಂಟು ಇದ್ದರೂ, ವೈನ್ ಕತ್ತಿನಿಂದ ಕೆಳಗಿಳಿದಿದ್ದರೂ ಬೇಡ. ತಂಪು ಕೋಣೆಯಲ್ಲಿ ಮಲಗಿಸಿಟ್ಟ ಬಾಟಲಿಯನ್ನೇ ಕೇಳಿ. ಸಾಧ್ಯವಾದರೆ ವೈನರಿಯಲ್ಲೇ ಕೊಳ್ಳಿ, ರಸೀದಿ ಬಿಡಬೇಡಿ. ಕೊಂಡ ಮೇಲೆ ಕಾರಿನ ಡಿಕ್ಕಿಯಲ್ಲಿಟ್ಟು ಊರು ಸುತ್ತಬೇಡಿ, ಅಲ್ಲಿಯೂ ಅದೇ ಗತಿ. ಭಾರತಕ್ಕೆ ಸುಂಕವಿಲ್ಲದೆ 2 ಲೀಟರ್‌ವರೆಗೆ ಒಯ್ಯಬಹುದು. ಬಟ್ಟೆ ಸುತ್ತಿ ಚೆಕ್-ಇನ್ ಲಗೇಜಿನಲ್ಲಿ ಹಾಕಿ.

ಅಣ್ಣ ಇದ್ದಿದ್ದು ಹತ್ತೇ ದಿನ. ಇನ್ನೊಂದು ಬಾಟಲಿ ಕೊಳ್ಳೋಣ ಅಂದರೆ, "ಸುಮ್ನೆ ದುಡ್ಡು ದಂಡ, ಬೇಡ" ಅಂದುಬಿಟ್ಟ. ಮೈಪೊ ವೈನ್ ಅಂದರೆ ಅವನ ನಾಲಿಗೆಗೆ ಈಗಲೂ ಆ ಬೆಂದ ರುಚಿಯೇ.