ಅಮ್ಮನ ಹಳೇ ಫೋನಿಗೆ ಇಂಟರ್ನೆಟ್ ಡಬ್ಬಿ

ನಮ್ಮ ಅಮ್ಮನಿಗೂ ಸ್ಮಾರ್ಟ್‌ಫೋನಿಗೂ ಆಗಿಬರುವುದಿಲ್ಲ. ಕೆನ್ನೆ ತಾಗಿ ಕಾಲ್ ಕಟ್ ಆಗುತ್ತದೆ. ತಂಗಿ ಇರುವುದು ನ್ಯೂಜೆರ್ಸಿಯಲ್ಲಿ. ಅದಕ್ಕೇ ಹಳೇ ಲ್ಯಾಂಡ್‌ಲೈನ್ ಫೋನನ್ನು ಕಂಪ್ಯೂಟರಿಗೆ ಸೇರಿಸಿ, ಇಂಟರ್ನೆಟ್ ಮೂಲಕ ಮಾತಾಡಿಸುವ ಒಂದು ಡಬ್ಬಿ ಹುಡುಕಿದೆ. ತುಮಕೂರಿನ ಎಂ.ಜಿ. ರೋಡಿನಲ್ಲಿ ಕೇಳಿದರೆ "ಲ್ಯಾಂಡ್‌ಲೈನಾ ಸಾರ್?" ಅಂತ ನನ್ನನ್ನೇ ಗುಜರಿ ಸಾಮಾನಿನ ಹಾಗೆ ನೋಡಿದರು. ಕೊನೆಗೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ 1,800 ರೂಪಾಯಿಗೆ ಸಿಕ್ಕಿತು.

ಕೊಳ್ಳುವಾಗ ಒಂದು ವಿಷಯ ನೋಡಿಕೊಳ್ಳಿ. ಇಂಥ ಎಷ್ಟೋ ಡಬ್ಬಿ ಸ್ಕೈಪ್ ಎಂಬ ಇಂಟರ್ನೆಟ್ ಕರೆ ಸೇವೆಗೆಂದೇ ಮಾಡಿದವು. ಸ್ಕೈಪ್ 2025ರ ಮೇ 5ಕ್ಕೆ ಬಾಗಿಲು ಹಾಕಿತು. ಅಂಗಡಿಯವರು ನನಗೂ ಮೊದಲು ಅದನ್ನೇ ಕೊಡಲು ಬಂದರು! ಸಿಪ್ (SIP) ಅಂತ ಬರೆದಿರುವುದೇ ಬೇಕು ಅಂದೆ. ಅದು ಯಾವುದೋ ಒಂದೇ ಕಂಪನಿಗೆ ಕಟ್ಟುಬೀಳದ, ಇಂಟರ್ನೆಟ್ ಕರೆಯ ಸಾಮಾನ್ಯ ಪದ್ಧತಿ. ತಂಗಿ ಮೊಬೈಲಿಗೆ ಉಚಿತ ಸಿಪ್ ಆ್ಯಪ್ ಹಾಕಿಕೊಂಡಳು. ಎರಡೂ ಕಡೆ ಸಿಪ್ ಇದ್ದರೆ ಕಾಲಿಗೆ ಬೇರೆ ದುಡ್ಡಿಲ್ಲ, ಡೇಟಾ ಮಾತ್ರ. ಗಂಟೆಗೆ ಸುಮಾರು 80 ಎಂಬಿ.

ಮೊದಲು ಆಸೆಗೆ ಅಟ್ಟದಿಂದ ಅಪ್ಪನ ಕಾಲದ ಕರೀ ಫೋನು ಇಳಿಸಿದೆ. ರಿಸೀವರ್ ಎತ್ತಿದರೆ ಡಯಲ್ ಟೋನ್ ಬಂದೇಬಿಟ್ಟಿತು. ಆದರೆ ಡಯಲ್ ತಿರುಗಿಸಿದರೆ ಡಬ್ಬಿ ಕಿವುಡು. ಅದಕ್ಕೆ ಗುಂಡಿ ಒತ್ತಿದ ಟೋನ್ ಮಾತ್ರ ಗೊತ್ತು. ಗಂಟೆಯೂ ಒಂದು ಸಲ 'ಟಿಣ್' ಅಂದು ಸುಮ್ಮನಾಯಿತು. ಎಕ್ಸ್‌ಚೇಂಜಿನವರು ರಿಂಗಿಗೆ 75 ವೋಲ್ಟಿನ ಆಸುಪಾಸು ಕಳಿಸುತ್ತಿದ್ದರು. ಯುಎಸ್‌ಬಿಯ 5 ವೋಲ್ಟಿನಲ್ಲಿ ಬದುಕುವ ಈ ಪುಟ್ಟ ಡಬ್ಬಿಗೆ ಆ ಸುತ್ತಿಗೆ ಎತ್ತುವ ತಾಕತ್ತು ಎಲ್ಲಿಂದ ಬರಬೇಕು?

ಗುಂಡಿ ಫೋನು ತಂದು, ತಳದಲ್ಲಿರುವ ಸ್ವಿಚ್ಚನ್ನು 'ಪಿ'ಯಿಂದ (ಹಳೇ ಡಯಲಿನ ಪಲ್ಸ್) 'ಟಿ'ಗೆ (ಟೋನ್) ತಳ್ಳಿದೆ. ಕೆಲಸ ಆಯಿತು. ಹಾಂ, ಗೋಡೆಯ ಲೈನಿನ ವೈರು ಕಿತ್ತಿಟ್ಟೇ ಸೇರಿಸಿ. ಡಬ್ಬಿಯಲ್ಲಿ ಫೋನು ಸಿಕ್ಕಿಸುವ ತೂತಿಗೆ ಆ ಲೈನ್ ಕೊಟ್ಟರೆ ಡಬ್ಬಿ ಸುಟ್ಟುಹೋಗಬಹುದು.

ಮೊದಲ ವಾರ ತಂಗಿಗೆ ಅವಳ ಮಾತೇ ವಾಪಸ್ ಕೇಳುತ್ತಿತ್ತು. ಕಂಪ್ಯೂಟರಿನಲ್ಲಿ ವಾಲ್ಯೂಮ್ ಇಳಿಸಿದ ಮೇಲೆ ಸರಿಹೋಯಿತು. 2 ಒತ್ತಿದರೆ ತಂಗಿಗೆ ಹೋಗುವ ಹಾಗೆ ಇಟ್ಟಿದ್ದೆ. ಆಮೇಲೆ ಅಮ್ಮನ ತಕರಾರು: "2 ಒತ್ತಿದೆ ಕಣೋ, ಹೋಗ್ತಾನೇ ಇಲ್ಲ." ನಂಬರು ಮುಗಿಯಿತು ಅಂತ ಡಬ್ಬಿಗೆ ಗೊತ್ತಾಗಬೇಕಲ್ಲ, ಅದಕ್ಕೆ ಕೊನೆಗೆ ಹ್ಯಾಶ್ ಒತ್ತಬೇಕು, ಇಲ್ಲವೇ ನಾಲ್ಕೈದು ಸೆಕೆಂಡು ಕಾಯಬೇಕು. ಅಮ್ಮ ಹ್ಯಾಶಿಗೆ 'ರಂಗೋಲಿ ಗುಂಡಿ' ಅಂತ ಹೆಸರಿಟ್ಟುಕೊಂಡರು. ಈಗ ದಿನಾ ಬೆಳಿಗ್ಗೆ ಏಳಕ್ಕೆ, ಕಾಫಿ ಲೋಟ ಪಕ್ಕದಲ್ಲಿಟ್ಟುಕೊಂಡು, 2, ರಂಗೋಲಿ. ಅಲ್ಲಿ ಆಗ ರಾತ್ರಿ. ಮಾತು ಕೇಳಿಸುವುದು ಮೊಬೈಲಿಗಿಂತ ಚೆನ್ನಾಗಿದೆ. ಅದರಲ್ಲಿ ಅರ್ಧ ಪಾಲು ಆ ದಪ್ಪ ರಿಸೀವರಿನದ್ದು ಅಂತ ನನ್ನ ಲೆಕ್ಕ.

ದೊಡ್ಡ ತೊಂದರೆ ಒಂದೇ, ಕಂಪ್ಯೂಟರ್ ಸದಾ ಆನ್ ಇರಬೇಕು. ಅದು ನಿದ್ದೆಗೆ ಜಾರಿದರೆ ಫೋನೂ ನಿದ್ದೆ. ಕರೆಂಟ್ ಹೋದರೂ ಅಷ್ಟೇ. "ನಮ್ಮ ಹಳೇ ಫೋನು ಕತ್ತಲಲ್ಲೂ ಹೊಡ್ಕೊಳ್ತಿತ್ತು" ಅಂತ ಅಮ್ಮ ಹಂಗಿಸುತ್ತಾರೆ. ನಿಜವೇ, ಅದಕ್ಕೆ ಎಕ್ಸ್‌ಚೇಂಜಿನ ಬ್ಯಾಟರಿಯಿಂದಲೇ ಕರೆಂಟ್ ಬರುತ್ತಿತ್ತು. ಹಾಗಾಗಿ ಆ್ಯಂಬುಲೆನ್ಸ್, ಪೊಲೀಸ್ ಅಂತ ಇದನ್ನು ನಂಬಬೇಡಿ, ಮೊಬೈಲ್ ಇರಲಿ.

ಇನ್ನೊಂದು ಸಲ ಕೊಂಡರೆ ಸ್ವಲ್ಪ ಜಾಸ್ತಿ ಕೊಟ್ಟು, ರೂಟರಿಗೇ ಸಿಕ್ಕಿಸುವ ಅಡಾಪ್ಟರ್ ತರುತ್ತೇನೆ. ಅಲ್ಲಿಯವರೆಗೆ ಕಂಪ್ಯೂಟರಿನ ಮೇಲೆ ಮಗ ಬರೆದಂಟಿಸಿದ ಚೀಟಿ ಇದೆ: 'ಆಫ್ ಮಾಡಬೇಡಿ, ಅಜ್ಜಿ ಫೋನು.'